ಕತ್ತರಿ ಬೀಳದ ಹಾಳೆ

ಕಂಪ್ಯೂಟರ್ ಪರದೆಯ ಕೆಳಗಿನ ಹಸಿರು ಪಟ್ಟಿ ಮುಕ್ಕಾಲು ದಾರಿ ಬಂದು ನಿಂತುಬಿಡುತ್ತಿತ್ತು. ಅದು ನಿಂತರೆ ನನಗೆ ಕೂರಲಾಗುತ್ತಿರಲಿಲ್ಲ. ಎದ್ದು ಶೆಡ್ಡಿನ ಬಾಗಿಲವರೆಗೆ ಹೋಗುತ್ತಿದ್ದೆ, ಹೆದ್ದಾರಿಯ ಲಾರಿಗಳನ್ನು ನೋಡುತ್ತಿದ್ದೆ, ನೀರು ಕುಡಿಯುತ್ತಿದ್ದೆ, ವಾಪಸು ಬರುತ್ತಿದ್ದೆ. ಪಟ್ಟಿ ಅಲ್ಲೇ ಇರುತ್ತಿತ್ತು. ಕೆಲವೊಮ್ಮೆ ಅದು ನಿಜವಾಗಿ ನಿಂತಿದೆಯೋ ಸಾವಕಾಶ ಹೋಗುತ್ತಿದೆಯೋ ಎಂದು ತಿಳಿಯಲು ಅದರ ತುದಿಗೆ ಸರಿಯಾಗಿ ಪರದೆಯ ಮೇಲೆ ಬೆರಳ ಉಗುರು ಇಟ್ಟುಕೊಂಡು ಕೂತದ್ದೂ ಇದೆ.

ದಿನಚರಿ ಬರೆಯುವ ಚಟ ನನಗೆ ಡಿಪ್ಲೊಮಾ ಓದುವಾಗಿನಿಂದ ಹತ್ತಿದ್ದು. ಆಗ ಸವಣೂರಿನ ಬಸ್ಸು ಯಾವ ದಿನ ಎಷ್ಟು ತಡ ಮಾಡಿತು ಎಂದು ಬರೆಯುತ್ತಿದ್ದೆ. ಶಿಗ್ಗಾವಿಯ ಈ ಕೆಲಸಕ್ಕೆ ಸೇರಿದ ಮೇಲೆ ಡ್ರಾಯಿಂಗ್ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯತೊಡಗಿದೆ. ಮೊದಲ ತಿಂಗಳ ಪುಟಗಳಲ್ಲಿ ನಲವತ್ತು ನಿಮಿಷಕ್ಕಿಂತ ಕಡಿಮೆಯ ದಿನ ಒಂದೂ ಇಲ್ಲ. ನಡುವೆ ಕರೆಂಟು ಹೋಗಿ ಮೊದಲಿನಿಂದ ಶುರು ಮಾಡಿದ ದಿನಗಳ ಮುಂದೆ ಒಂದು ಗುಣಾಕಾರದ ಚಿಹ್ನೆ ಇದೆ. ಅಂಥ ಚಿಹ್ನೆಗಳು ಬಹಳ ಇವೆ.

ನಮ್ಮ ಶೆಡ್ಡು ಶಿಗ್ಗಾವಿ ದಾಟಿ ತಡಸದ ಕಡೆ ಹೋಗುವ ಹಾದಿಯಲ್ಲಿದೆ. ಗೋವಿನಜೋಳವನ್ನು ಒಣಗಿಸುವ, ಹಸನು ಮಾಡುವ ಯಂತ್ರಗಳನ್ನು ಅಲ್ಲಿ ಮಾಡುತ್ತೇವೆ. ಆ ಹಂಗಾಮಿಗೆ ಹಂಸಭಾವಿಯ ಒಬ್ಬ ಗಿರಾಕಿಯ ದೊಡ್ಡ ಪ್ಲ್ಯಾಂಟ್ ಒಪ್ಪಿಕೊಂಡಿದ್ದೆವು. ಗುಂಡಿಗೆ ಸುರಿದ ಕಾಳನ್ನು ಬಕೆಟ್ಟುಗಳಲ್ಲಿ ತುಂಬಿ ಮೇಲಕ್ಕೆ ಒಯ್ಯುವ ಎಲಿವೇಟರ್ ಒಂದು ಕಡೆ, ಬಿಸಿಗಾಳಿಯಲ್ಲಿ ಕಾಳು ಒಣಗುವ ಡ್ರೈಯರ್ ಗೋಪುರ ಅದರ ಪಕ್ಕದಲ್ಲಿ. ಕಂಪ್ಯೂಟರಿನಲ್ಲಿ ಅದರ ಪ್ರತಿ ತಗಡು, ಪ್ರತಿ ಕಬ್ಬಿಣದ ಆ್ಯಂಗಲ್, ಪ್ರತಿ ನಟ್ಟು ಬೋಲ್ಟನ್ನೂ ನಾನೇ ಕೂರಿಸಿದ್ದೆ. ಆರು ಸಾವಿರ ಚಿಲ್ಲರೆ ಭಾಗಗಳು. ಪರದೆಯ ಮೇಲೆ ತಿರುಗಿಸಿ ನೋಡಲು ಚೆಂದ. ಆದರೆ ತಗಡು ಕತ್ತರಿಸಿ ಬೆಸೆಯುವ ಮಿಸ್ತ್ರಿಗಳಿಗೆ ಬೇಕಾದದ್ದು ತಿರುಗುವ ಚಿತ್ರವಲ್ಲ, ಕಾಗದದ ಡ್ರಾಯಿಂಗ್: ಮುಂದಿನಿಂದ ಹೇಗೆ ಕಾಣುತ್ತದೆ, ಬದಿಯಿಂದ ಹೇಗೆ, ಮೇಲಿನಿಂದ ಹೇಗೆ. ಅಂಥ ಒಂದೊಂದು ನೋಟ ಬರೆಯಲೂ ಕಂಪ್ಯೂಟರು ಆರು ಸಾವಿರ ಭಾಗಗಳನ್ನೂ ಬಿಚ್ಚಿ, ಯಾವ ಗೆರೆ ಯಾವುದರ ಹಿಂದೆ ಅಡಗುತ್ತದೆ ಎಂದು ಲೆಕ್ಕ ಹಾಕಬೇಕಿತ್ತು. ಎಂದೋ ಕೊಂಡ ಹಳೆಯ ಕಂಪ್ಯೂಟರು ಅದು. ಉಸಿರು ಬಿಡುವ ಸದ್ದು ಕೇಳುತ್ತಿತ್ತು.

ನಾನು ಸೇರುವ ಮೊದಲು ಶೆಡ್ಡಿನ ಡ್ರಾಯಿಂಗುಗಳೆಲ್ಲ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಆಗುತ್ತಿದ್ದವು. ನನ್ನನ್ನು ತೆಗೆದುಕೊಳ್ಳುವಾಗ ಶೆಡ್ಡಿನ ಸಾಹುಕಾರರು ಸುತ್ತು ಬಳಸದೆ ಹೇಳಿದ್ದರು: "ಈ ಪ್ಲ್ಯಾಂಟ್ ನಿನ್ನ ಡ್ರಾಯಿಂಗ್ ಮ್ಯಾಲ ನಿಂತು ಕಾಳು ಹಾಯಿಸ್ತಂದ್ರ ಈ ಟೇಬಲ್ ನಿಂದವ್ವಾ. ಇಲ್ಲಂದ್ರ ಮತ್ತ ಹುಬ್ಬಳ್ಳಿ ಹಾದಿನ."

ಟೇಬಲ್ ಹೋದರೆ ನಾನು ಹೋಗಬೇಕಾದದ್ದು ಹಾನಗಲ್ಲಿನ ಜೆರಾಕ್ಸ್ ಅಂಗಡಿಗೆ. ಡಿಪ್ಲೊಮಾ ಮುಗಿದ ಮೇಲೆ ಅಲ್ಲಿ ಒಂದೂವರೆ ವರ್ಷ ಇದ್ದೆ. ಬೇರೆಯವರ ಅರ್ಜಿ ತುಂಬುತ್ತಿದ್ದೆ, ಬೇರೆಯವರ ಮನೆಯ ನಕ್ಷೆ ಮುದ್ರಿಸುತ್ತಿದ್ದೆ. ಅಂಗಡಿಯವರು ಒಳ್ಳೆಯವರು, ಈಗಲೂ ಬಾ ಎನ್ನುತ್ತಾರೆ. ಆದರೆ ನಾನು ಗೆರೆ ಎಳೆಯುವುದನ್ನು ಕಲಿತವಳು, ಎಳೆದ ಗೆರೆಯನ್ನು ಮುದ್ರಿಸುತ್ತ ನಿಂತರೆ ಕೈ ಕಡಿಯುತ್ತಿತ್ತು.

ದೊಡ್ಡ ಹಾಳೆಯ ಮುದ್ರಣಕ್ಕೆ ಮಾತ್ರ ಆ ಅಂಗಡಿಗೇ ಹೋಗಬೇಕಿತ್ತು. ಹಾಳೆ ಮುದುಡಬಾರದೆಂದು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಸುತ್ತಿ ತರುತ್ತಿದ್ದೆ. ಮೊದಲ ಸಲ ತರುವಾಗ ಬಸ್ಸಿನ ಕಂಡಕ್ಟರ್ ಪೈಪನ್ನು ಬೆರಳಿಂದ ಬಾರಿಸಿ ನೋಡಿದ.

"ಏನೈತವ್ವಾ ಇದ್ರಾಗ?"

"ಡ್ರಾಯಿಂಗ್ ರೀ. ಮಷಿನ್ನಿಂದು."

"ಇಷ್ಟುದ್ದ? ನಾ ಯಾರದೋ ಜಾತಕ ಅಂದ್ಕೊಂಡಿದ್ನಿ. ಬಾಳ ಗ್ರಹ ಕೆಟ್ಟಿರಬೇಕು ಅಂತ."

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಶಿಗ್ಗಾವಿ ಬರುವವರೆಗೆ ಪೈಪನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಅದರ ಎರಡೂ ಬಾಯಿ ಮುಚ್ಚಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಆ ಹಾಳೆಯನ್ನು ಬೆಳಿಗ್ಗೆ ಶೆಡ್ಡಿನ ಗೋಡೆಗೆ ಹಚ್ಚಿದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಗೋಡೆಯ ಮೇಲೆ ಅದರ ಒಂದು ಮೂಲೆ ಮಾತ್ರ ಉಳಿದಿತ್ತು. ಉಳಿದದ್ದನ್ನು ಕತ್ತರಿಯಿಂದ ತುಂಡು ಮಾಡಿ, ಎಲಿವೇಟರ್ ಇರುವ ತುಂಡನ್ನು ಒಂದು ತಂಡ, ಡ್ರೈಯರ್ ಇರುವ ತುಂಡನ್ನು ಇನ್ನೊಂದು ತಂಡ ಒಯ್ದು ತಮ್ಮ ತಮ್ಮ ಕೆಲಸದ ಜಾಗದಲ್ಲಿ ತಗಡಿಗೆ ಅಂಟಿಸಿಕೊಂಡಿದ್ದವು.

ಎಲಿವೇಟರ್ ತಂಡದ ಹಿರಿಯರನ್ನು ಎಲ್ಲರೂ ದೊಡ್ಡ ಮಿಸ್ತ್ರಿ ಎನ್ನುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ. ಡ್ರೈಯರ್ ತಂಡದ ಮಿಸ್ತ್ರಿ ತಡಸದವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಅವರ ಬಾಯಿ ಮುಚ್ಚುತ್ತಿದ್ದುದು ವೆಲ್ಡಿಂಗ್ ಮಾಡುವಾಗ ಮಾತ್ರ.

"ಇದೇನ್ರಿ ಹಿಂಗ ಮಾಡೀರಿ?" ಎಂದು ದೊಡ್ಡ ಮಿಸ್ತ್ರಿಯನ್ನು ಕೇಳಿದೆ.

"ಏನ್ ಮಾಡೇವಿ?"

"ಹಾಳಿ ಕತ್ತರಿಸೀರಲ್ರಿ."

"ಮತ್ತ ಪೂರಾ ಹಾಳಿ ಒಯ್ದು ಹಾಸ್ಕೊಂಡು ಮಲಗೂಣೇನ ತಂಗಿ? ನಮ್ದು ನಮಗ, ಅವರ್ದು ಅವರಿಗೆ."

ತಡಸದ ಮಿಸ್ತ್ರಿ ಆಚೆಯಿಂದಲೇ ಸೇರಿಸಿದರು: "ಹುಬ್ಬಳ್ಳಿ ಡ್ರಾಯಿಂಗೂ ಹಿಂಗ ಕತ್ತರಸ್ತಿದ್ವಿರಿ ಮೇಡಂ. ನಿಮಗಂತ ಬ್ಯಾರೆ ಭೇದಭಾವ ಮಾಡಿಲ್ಲ."

ಆ ದಿನದ ಪುಟದಲ್ಲಿ "ಒಂದು ಹಾಳೆ, ಎರಡು ತುಂಡು" ಎಂದಷ್ಟೇ ಇದೆ.

ಹಂಸಭಾವಿಯ ಗಿರಾಕಿ ಕಾಳಿನ ವ್ಯಾಪಾರ ನಡೆಸುವ ಹೆಣ್ಣುಮಗಳು. ಅವರ ಮನೆತನ ನಾಲ್ಕು ತಲೆಮಾರಿನಿಂದ ಅಲ್ಲಿ ಅದನ್ನೇ ಮಾಡಿಕೊಂಡು ಬಂದಿದೆ. ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅಕ್ಕಾರು ವಾರಕ್ಕೊಮ್ಮೆ ಫೋನು ಮಾಡಿ ಒಂದು ಬದಲಾವಣೆ ಹೇಳುತ್ತಿದ್ದರು. ಟ್ರ್ಯಾಕ್ಟರ್ ತಿರುಗಲು ಜಾಗ ಸಾಲದು, ಗುಂಡಿಯನ್ನು ಆಚೆ ಸರಿಸಿರಿ. ಗೋಡೌನಿನ ಕಿಟಕಿಗೆ ಬಿಸಿಗಾಳಿ ಹೊಡೆಯುತ್ತದೆ, ಡ್ರೈಯರ್ ಮುಖ ತಿರುಗಿಸಿರಿ. ಅವರು ಹೇಳುವುದೆಲ್ಲ ನ್ಯಾಯವೇ. ಆದರೆ ಒಂದು ಗುಂಡಿ ಒಂದು ಮೊಳ ಸರಿದರೆ ಮೂರೂ ನೋಟಗಳನ್ನು ಹೊಸದಾಗಿ ಬರೆಯಬೇಕು. ಹಸಿರು ಪಟ್ಟಿ ಮತ್ತೆ ಹೊರಡುತ್ತಿತ್ತು, ಮತ್ತೆ ಮುಕ್ಕಾಲಿಗೆ ನಿಲ್ಲುತ್ತಿತ್ತು. ಹೊಲಗಳಲ್ಲಿ ತೆನೆ ಕಟ್ಟತೊಡಗಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ಸುಗ್ಗಿಗೆ ಇನ್ನೆಷ್ಟು ದಿನ ಎಂದು ಬೆರಳಲ್ಲಿ ಎಣಿಸುತ್ತಿದ್ದೆ. ತೆನೆ ನನಗಾಗಿ ಕಾಯುವುದಿಲ್ಲವಲ್ಲ.

ಸಾಫ್ಟ್‌ವೇರಿನಲ್ಲಿ ಲೈಟ್‌ವೇಟ್ ಎಂಬ ಆಯ್ಕೆ ಇರುವುದು ಗೊತ್ತಿತ್ತು. ಭಾಗಗಳನ್ನು ಪೂರ್ತಿ ಬಿಚ್ಚದೆ ಅವುಗಳ ಹೊರರೂಪ ಮಾತ್ರ ತರುವುದು. ಮಾರ್ಕೆಟ್ಟಿನಲ್ಲಿ ಚೀಲ ಬಿಚ್ಚದೆ ಹೊರಗಿನಿಂದಲೇ ಸಾಲು ಎಣಿಸಿದ ಹಾಗೆ. ಒಳಗಿನ ಕಾಳು ಹೇಗಿದೆ ಎಂದು ಬೇಕಾದಾಗ ಬೇಕಾದ ಚೀಲವನ್ನಷ್ಟೇ ಬಿಚ್ಚಿದರಾಯಿತು. ಅದನ್ನು ಹಾಕಿ ನೋಡಿದೆ. ಚಿತ್ರ ಸರ್ರನೆ ಬಂತು. ಎದೆ ಹಗುರಾಯಿತು. ಕಾಳಿನ ಗುಂಡಿಯನ್ನು ಹಿಡಿದು ಸರಿಸಿದೆ, ಪಟ್ಟಿ ಹೊರಟಿತು, ಎಲ್ಲ ಚೀಲಗಳೂ ಒಟ್ಟಿಗೆ ಬಿಚ್ಚತೊಡಗಿದವು. ಒಂದು ಮೂಲೆ ಮುಟ್ಟಿದರೆ ಇಡೀ ಪ್ಲ್ಯಾಂಟ್ ಎದ್ದು ಕೂರುತ್ತಿತ್ತು. ಹೀಗೆ ಮೂರು ದಿನ. ಯಾಕೆ ಎಂದು ತಿಳಿಯದೆ ನಾನು ಶೆಡ್ಡಿನಲ್ಲಿ ಅಡ್ಡಾಡಿದ್ದೇ ಅಡ್ಡಾಡಿದ್ದು.

"ಏನ್ರಿ ಮೇಡಂ, ಗಾಣದ ಎತ್ತಿನಂಗ ಸುತ್ತಾಕತ್ತೀರಿ," ಎಂದರು ತಡಸದ ಮಿಸ್ತ್ರಿ. "ಹಂಗ ಒಂದಿಷ್ಟು ಎಣ್ಣಿ ಬಂದ್ರ ನಮ್ಮ ಬೇರಿಂಗಿಗೆ ಹಾಕ್ರಿ."

ನಾಲ್ಕನೆಯ ದಿನ ಹಾಗೆ ಅಡ್ಡಾಡುವಾಗಲೇ ಮಿಸ್ತ್ರಿಗಳ ಜಾಗದಲ್ಲಿ ನೆಲಕ್ಕೆ ಬಿದ್ದ ಹಳೆಯ ತುಂಡುಗಳು ಕಂಡವು. ಅಷ್ಟರಲ್ಲಿ ನಾನು ಮೂರು ಸಲ ತಿದ್ದಿದ ಹಾಳೆ ತಂದಿದ್ದೆ, ಅವರು ಮೂರು ಸಲ ಕತ್ತರಿಸಿದ್ದರು. ಸಿಕ್ಕಷ್ಟನ್ನು ಆರಿಸಿ ನನ್ನ ಟೇಬಲ್ ಪಕ್ಕದ ನೆಲದ ಮೇಲೆ ಹೊಂದಿಸಿಟ್ಟೆ. ಮೂರೂ ಸಲ ಕತ್ತರಿ ಒಂದೇ ಹಾದಿಯಲ್ಲಿ ಹೋಗಿತ್ತು. ಎಲಿವೇಟರಿನ ಕಂಬದ ಪಕ್ಕಕ್ಕೆ ಇಳಿದು, ಗುಂಡಿಯನ್ನು ಸುತ್ತಿ, ಡ್ರೈಯರಿನ ಬುಡಕ್ಕೆ ತಿರುಗಿ. ಅವರು ಮಾಡುವ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿ ಹಾಳೆಯೂ ಮುಗಿಯುತ್ತಿತ್ತು.

ನಾನು ಕಂಪ್ಯೂಟರಿನಲ್ಲಿ ಹಾಗೆ ಮಾಡಿರಲಿಲ್ಲ. ಲೆಕ್ಕ ಇಡಲು ಸುಲಭವೆಂದು ತಗಡೆಲ್ಲ ಒಂದು ಗುಂಪು, ಆ್ಯಂಗಲ್ಲೆಲ್ಲ ಒಂದು ಗುಂಪು, ಬೋಲ್ಟೆಲ್ಲ ಒಂದು ಗುಂಪು ಮಾಡಿದ್ದೆ. ಎಷ್ಟು ಬೋಲ್ಟು ಎಂದು ಯಾರೇ ಕೇಳಿದರೂ ತಕ್ಷಣ ಹೇಳಬಲ್ಲೆ. ಆದರೆ ಗುಂಡಿಯ ನಾಲ್ಕು ಬೋಲ್ಟು ಮುಟ್ಟಿದರೆ ಡ್ರೈಯರಿನ ತುದಿಯಲ್ಲಿರುವ ಬೋಲ್ಟುಗಳೂ ಆ ಗುಂಪಿನ ಜೊತೆಗೇ ಎದ್ದು ಬರುತ್ತಿದ್ದವು. ಹಗುರ ಮಾಡುವ ಆಯ್ಕೆಗೆ ಹಗುರ ಮಾಡಲು ನಾನೇ ಜಾಗ ಬಿಟ್ಟಿರಲಿಲ್ಲ.

ಆಮೇಲಿನ ಎರಡು ವಾರ ಗುಂಪುಗಳನ್ನು ಒಡೆದು, ಕತ್ತರಿ ಹೋದ ಹಾದಿಯಲ್ಲೇ ಮತ್ತೆ ಕಟ್ಟಿದೆ. ಎಲಿವೇಟರ್ ತಂಡದ್ದೆಲ್ಲ ಒಂದರಲ್ಲಿ, ಡ್ರೈಯರ್ ತಂಡದ್ದೆಲ್ಲ ಇನ್ನೊಂದರಲ್ಲಿ. ಎರಡಕ್ಕೂ ಅಂಟಿಕೊಂಡದ್ದು ಒಂದೇ ಇತ್ತು: ಎಲಿವೇಟರಿನ ತಲೆಯಿಂದ ಡ್ರೈಯರಿನ ಬಾಯಿಗೆ ಕಾಳು ಜಾರಿ ಇಳಿಯುವ ತಗಡಿನ ಕೊಳವೆ. ಅದಕ್ಕೆ ಚೂಟ್ ಎನ್ನುತ್ತಾರೆ. ಅದನ್ನು ಯಾವ ಗುಂಪಿಗೆ ಹಾಕಿದರೂ ಅದು ಇನ್ನೊಂದನ್ನು ಎಳೆದುಕೊಂಡು ಬಂದು ಭಾರವಾಗುತ್ತಿತ್ತು. ಆದ್ದರಿಂದ ಎರಡರಿಂದಲೂ ಹೊರಗೆ, ಒಂಟಿಯಾಗಿ ಇಟ್ಟೆ. ಈಗ ಡ್ರೈಯರಿನ ಡ್ರಾಯಿಂಗ್ ತೆರೆದರೆ ಡ್ರೈಯರ್ ಮಾತ್ರ ಪೂರ್ತಿ ಬರುತ್ತಿತ್ತು, ಉಳಿದದ್ದು ತೆಳ್ಳನೆಯ ಗೆರೆಯಲ್ಲಿ ಹೊರರೂಪವಾಗಿ ನಿಲ್ಲುತ್ತಿತ್ತು. ಎಲಿವೇಟರಿನದೂ ಹಾಗೆಯೇ.

ಮೂರು ನಿಮಿಷ. ದಿನಚರಿಯಲ್ಲಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ನಂಬದೆ ಮುಚ್ಚಿ ಮತ್ತೆ ತೆರೆದೆ. ಅಷ್ಟೇ. ಬಾಗಿಲವರೆಗೆ ಹೋಗಿ ಬರಲು ಹೊತ್ತಿಲ್ಲದೆ ಕಾಲುಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಮುಂದಿನ ಸಲ ಹಾನಗಲ್ಲಿನಿಂದ ತಂದದ್ದು ಎರಡು ಸಣ್ಣ ಹಾಳೆ, ತಂಡಕ್ಕೊಂದು. ದೊಡ್ಡ ಮಿಸ್ತ್ರಿ ತಮ್ಮದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದಕ್ಕ ಕತ್ರಿ ಬ್ಯಾಡ್ರಿ. ನಿಮ್ಮದಷ್ಟ ಐತಿ," ಎಂದೆ.

"ಈ ತೆಳ್ಳನ ಗೆರಿ?"

"ಅದು ಬ್ಯಾರೆಯವರ ಕೆಲಸರಿ. ಎಲ್ಲಿ ಕೂಡ್ತೈತಿ ಅಂತ ಗೊತ್ತಾಗ್ಲಿ ಅಂತ ಹಾಕೇನಿ."

"ಚೊಲೋ ಆತು," ಎಂದು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ತಡಸದ ಮಿಸ್ತ್ರಿಗೂ ಅದೇ ಮಾತು ಹೇಳಿದೆ. ಅವರು ಹಾಳೆಯ ಖಾಲಿ ಅಂಚನ್ನು ಕತ್ತರಿಯಿಂದ ನೇರ ಮಾಡಿಕೊಂಡರು. ಕತ್ರಿ ಬ್ಯಾಡ ಅಂದೇನಲ್ರಿ ಎಂದು ನಾನು ಹೇಳಿದರೆ, "ಒಮ್ಮೆ ಕತ್ರಿ ಆಡಿಸ್ಲಿಲ್ಲಂದ್ರ ನಂದು ಅನ್ಸಂಗಿಲ್ರಿ," ಎಂದರು.

ಅಲ್ಲಿಂದ ಕೆಲಸ ಓಡಿತು. ಅಕ್ಕಾರು ಬೆಳಿಗ್ಗೆ ಹೇಳಿದ ಬದಲಾವಣೆ ಮಧ್ಯಾಹ್ನಕ್ಕೆ ಮಿಸ್ತ್ರಿಗಳ ಕೈಯಲ್ಲಿರುತ್ತಿತ್ತು. ಸಾಹುಕಾರರು ಒಂದೆರಡು ಸಲ ನನ್ನ ಹಿಂದೆ ಬಂದು ನಿಂತು, ಪರದೆ ನೋಡಿ ಹೋದರು. ಅವರು ಹೋದ ಮೇಲೂ ನನ್ನ ಬೆನ್ನು ನೆಟ್ಟಗೇ ಇರುತ್ತಿತ್ತು. ಪ್ಲ್ಯಾಂಟ್ ಇನ್ನೂ ನಿಂತಿರಲಿಲ್ಲವಲ್ಲ.

ದೀಪಾವಳಿಗೆ ಮುಂಚಿನ ವಾರ ಎರಡು ಲಾರಿ ತುಂಬಿಕೊಂಡು, ಹಾನಗಲ್ ದಾಟಿ ಹಂಸಭಾವಿಗೆ ಹೋದೆವು. ಪ್ರತಿ ತಂಡವೂ ತನ್ನ ಹಾಳೆ ನೋಡಿ ತನ್ನದನ್ನು ಎಣಿಸಿ ತುಂಬಿತ್ತು. ಹಿರೇಕೆರೂರಿನಿಂದ ಕ್ರೇನ್ ಬಂದಿತ್ತು. ಸಾಹುಕಾರರ ಮನೆಯ ಲ್ಯಾಪ್‌ಟಾಪಿನಲ್ಲಿ ಡ್ರಾಯಿಂಗುಗಳನ್ನೆಲ್ಲ ತುಂಬಿಕೊಂಡು ನಾನೂ ಹೋಗಿದ್ದೆ. ಮೊದಲ ದಿನ ಎಲಿವೇಟರ್ ನಿಂತಿತು. ಎರಡನೆಯ ದಿನ ಮಧ್ಯಾಹ್ನಕ್ಕೆ ಡ್ರೈಯರ್ ನಿಂತಿತು. ಬೋಲ್ಟಿನ ತೂತುಗಳೆಲ್ಲ ಒಂದರ ಮೇಲೊಂದು ಕೂತವು. ಅಂಗಳದ ಆಚೆ ಆಗಲೇ ಎರಡು ಟ್ರ್ಯಾಕ್ಟರಿನಲ್ಲಿ ಹಸಿ ಕಾಳು ಬಂದು ನಿಂತಿತ್ತು. ಮಾರನೆಯ ದಿನ ಒಣಗಿಸಲು ಶುರು ಎಂದು ಅಕ್ಕಾರು ಹಳ್ಳಿಗಳಿಗೆಲ್ಲ ಹೇಳಿ ಕಳಿಸಿದ್ದರು.

ತಡಸದ ಮಿಸ್ತ್ರಿ ಡ್ರೈಯರಿನ ನೆತ್ತಿಯ ಮೇಲೆ ಕುಳಿತು ಕೆಳಗೆ ಕೂಗಿದರು: "ಚೂಟ್ ಕಳಸ್ರಿ."

ದೊಡ್ಡ ಮಿಸ್ತ್ರಿ ತಲೆ ಎತ್ತಿದರು. "ನಿನ್ನ ಲಾರ್‍ಯಾಗ ಐತಲ್ಲ."

"ನನ್ನ ಲಾರ್‍ಯಾಗ ಯಾಕಿರ್ತೈತಿ? ನಿಮ್ದದು."

"ನಮ್ದಲ್ಲ. ನಮ್ಮ ಹಾಳ್ಯಾಗ ತೆಳ್ಳಗೈತಿ."

"ನಮ್ಮ ಹಾಳ್ಯಾಗೂ ತೆಳ್ಳಗೈತ್ರೀ."

ಮೇಲಿನವರೂ ಕೆಳಗಿನವರೂ ನನ್ನನ್ನು ನೋಡಿದರು. ಎಲಿವೇಟರಿನ ತಲೆಯಿಂದ ಡ್ರೈಯರಿನ ಬಾಯಿಯವರೆಗೆ ನಡುವೆ ಬರೀ ಆಕಾಶ ಇತ್ತು.

ಅಕ್ಕಾರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಮೇಲೆ ನೋಡಿ, ನಮ್ಮ ಮುಖ ನೋಡಿದರು. "ಅಲ್ಲಾ, ಕಾಳನ್ನ ಅಷ್ಟೆತ್ತರ ಏರಿಸಿ ಈಗ ಹಾರ್ಕೊ ಅಂತೀರೇನು?"

"ಮೊದ್ಲ ಹೆಂಗ ಮಾಡ್ತಿದ್ರಿ ಇದನ್ನ?" ಎಂದು ದೊಡ್ಡ ಮಿಸ್ತ್ರಿಯನ್ನು ಕೇಳಿದೆ.

"ಮೊದ್ಲ ಕತ್ರಿ ಚೂಟಿನ ಮ್ಯಾಲ ಹೋಗೂದು. ಯಾರ ತುಂಡಿನ್ಯಾಗ ಹೆಚ್ಚು ಬೀಳ್ತಿತ್ತೋ ಅವರು ಮಾಡೂದು."

"ನನಗ ಹೇಳಲೇ ಇಲ್ಲಲ್ರಿ."

"ಹೇಳುವಂಥಾದ್ದೇನೈತಿ ಅದ್ರಾಗ? ಕತ್ತರಿಸಿದ್ರ ತಾನ ಗೊತ್ತಾಗ್ತಿತ್ತು."

"ಇವರು ಯಾವಾಗ್ಲೂ ಕತ್ರಿ ನನ್ನ ಕಡೆ ಹೊಳ್ಳಸ್ತಿದ್ರಿ," ಎಂದು ಮೇಲಿನಿಂದ ದನಿ ಬಂತು. "ಏಳು ಚೂಟ್ ನಂವ ಆಗ್ಯಾವ. ಅದಕ್ಕ ಈ ಸಲ ತೆಳ್ಳಗ ಬಂದದ್ದು ನೋಡಿ, ಮೇಡಂ ನ್ಯಾಯ ಮಾಡ್ಯಾರ ಅಂತ ಸುಮ್ಮನಿದ್ದೆ."

ಸಾಹುಕಾರರ ಕಾರು ಬಂದದ್ದು ಆಗ. ಅವರು ಕಾರಿನಿಂದ ಇಳಿದು ಮೇಲೆ ನೋಡಿದರು, ಯಾರನ್ನೂ ಏನೂ ಕೇಳದೆ ತಿಳಿದುಕೊಂಡರು. "ಯಾರ ತಪ್ಪಂತ ನಾಳೆ ಕೇಳ್ತೇನಿ. ಇವತ್ತು ಚೂಟ್ ಹೆಂಗ ಅಂತ ಹೇಳ್ರಿ," ಎಂದರು.

ಶೆಡ್ಡಿಗೆ ಹೋಗಿ ಮಾಡಿ ತರಲು ಎರಡು ದಿನ. ಹಿರೇಕೆರೂರಿನಲ್ಲಿ ಗೇಟು ಕಿಟಕಿ ಮಾಡುವ ಅಂಗಡಿಯಲ್ಲಿ ತಗಡು, ಕತ್ತರಿಸುವ ಯಂತ್ರ, ವೆಲ್ಡಿಂಗ್ ಎಲ್ಲ ಇರುತ್ತದೆ ಎಂದರು ಅಕ್ಕಾರು. ಆದರೆ ಆ ಚೂಟ್ ನೆಟ್ಟಗಿನ ಕೊಳವೆಯಲ್ಲ. ಕೆಳಕ್ಕೂ ಇಳಿಯಬೇಕು, ಬಲಕ್ಕೂ ವಾಲಬೇಕು, ಮುಂದಕ್ಕೂ ಹೋಗಬೇಕು. ಮುಂದಿನ ನೋಟದಲ್ಲೂ ಬದಿಯ ನೋಟದಲ್ಲೂ ಅದರ ನಿಜವಾದ ಉದ್ದ ಸಿಗುವುದಿಲ್ಲ. ತಗಡನ್ನು ಬಿಚ್ಚಿ ಹಾಸಿದರೆ ಯಾವ ಆಕಾರ ಬರುತ್ತದೆ ಎಂದು ಕಂಪ್ಯೂಟರನ್ನೇ ಕೇಳಬೇಕು. ಮನೆಯ ಲೆಕ್ಕಪತ್ರಕ್ಕೆ ತಂದಿದ್ದ ಆ ಲ್ಯಾಪ್‌ಟಾಪಿನಲ್ಲಿ.

ಅಕ್ಕಾರ ಗೋಡೌನಿನ ಕಟ್ಟೆಯ ಮೇಲೆ ಕುಳಿತು ಅದನ್ನು ತೆರೆದೆ. ಹಿಂದೆ ಸಾಹುಕಾರರು, ಪಕ್ಕದಲ್ಲಿ ಅಕ್ಕಾರು, ಎದುರಿಗೆ ಟ್ರ್ಯಾಕ್ಟರಿನವರು. ಆರು ಸಾವಿರ ಭಾಗಗಳನ್ನೂ ಹೊರರೂಪದಲ್ಲಷ್ಟೇ ತಂದುಕೋ ಎಂದು ಹೇಳಿದೆ. ಪಟ್ಟಿ ಹೊರಟಿತು. ನಾನು ಚಪ್ಪಲಿಯ ಒಳಗೆ ಬೆರಳು ಮಡಚಿಕೊಂಡು ಕೂತಿದ್ದೆ. ಎದ್ದು ಹೋಗುವ ಹಾಗಿರಲಿಲ್ಲ.

"ಏನ್ ಮಾಡಾಕತ್ತೈತದು?" ಎಂದರು ಅಕ್ಕಾರು.

"ಒಳಗ ಬರಾಕತ್ತೈತ್ರಿ."

"ನಮ್ಮ ಬೀಗರಂಗ ಆತು. ಬಾಗಲದಾಗ ನಿಂತು ತಾಸು ಮಾಡ್ತಾರ."

ಬಂತು. ಇಡೀ ಪ್ಲ್ಯಾಂಟ್ ತೆಳ್ಳನೆಯ ಗೆರೆಗಳಲ್ಲಿ ಬಂತು. ಅದರಲ್ಲಿ ಎಲಿವೇಟರಿನ ತಲೆಯ ಚೌಕಟ್ಟು ಒಂದು, ಡ್ರೈಯರಿನ ಬಾಯಿಯ ಚೌಕಟ್ಟು ಒಂದು, ನಡುವಿನ ಚೂಟ್ ಒಂದು, ಈ ಮೂರನ್ನೇ ಬಿಚ್ಚಿದೆ. ಉಳಿದವು ಮಲಗಿಯೇ ಇದ್ದವು. ತಡಸದ ಮಿಸ್ತ್ರಿ ಮೇಲಿನಿಂದ ಟೇಪು ಬಿಟ್ಟು ನಿಜವಾದ ಅಳತೆ ಕೂಗಿದರು, ದೊಡ್ಡ ಮಿಸ್ತ್ರಿ 'ಇನ್ನೊಮ್ಮೆ' ಎಂದರು, ಮತ್ತೆ ಕೂಗಿದರು. ನೆಲದಲ್ಲಿ ಕಾಂಕ್ರೀಟು ಸ್ವಲ್ಪ ಸರಿದು ಬಿದ್ದಿತ್ತೆಂದು ಕಾಣುತ್ತದೆ, ನನ್ನ ಡ್ರಾಯಿಂಗಿಗೂ ಅವರ ಟೇಪಿಗೂ ಎರಡು ಬೆರಳು ವ್ಯತ್ಯಾಸ. ಟೇಪು ಹೇಳಿದ ಜಾಗಕ್ಕೆ ಚೌಕಟ್ಟನ್ನು ಸರಿಸಿದೆ. ಚೂಟ್ ತಾನೇ ಉದ್ದವಾಗಿ, ಓರೆಯಾಗಿ, ಹೊಸ ಜಾಗಕ್ಕೆ ಹೊಂದಿಕೊಂಡಿತು. ಅದನ್ನು ಬಿಚ್ಚಿ ಹಾಸಿದಾಗ ನಾಲ್ಕು ತಗಡಿನ ಆಕಾರಗಳು ಬಂದವು, ಯಾವುದೂ ಚೌಕವಲ್ಲ.

ಹಿರೇಕೆರೂರಿಗೆ ಸಾಹುಕಾರರ ಕಾರಿನಲ್ಲಿ ಹೋದೆವು. ಗೇಟಿನ ಅಂಗಡಿಯಲ್ಲಿ ನಾನು ಅಂಕಿ ಓದಿದೆ, ಇಬ್ಬರು ಮಿಸ್ತ್ರಿಗಳೂ ಎರಡು ಕಡೆ ಮಂಡಿಯೂರಿ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದುಕೊಂಡರು. ತಡಸದ ಮಿಸ್ತ್ರಿಗೆ ಸುಮ್ಮನಿರಲಾಗಲಿಲ್ಲ. "ಅಂಗಿ ತೋಳು ಕತ್ತರಿಸಿದಂಗ ಆತಲ್ರಿ ಇದು. ಮೈಗಿ ಸರಿ ಬರ್ತೈತೋ ಇಲ್ಲೋ."

"ಸರಿ ಬರಲಿಲ್ಲಂದ್ರ ನೀನ ಹಾಕ್ಕೊ," ಎಂದರು ದೊಡ್ಡ ಮಿಸ್ತ್ರಿ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಕ್ರೇನ್ ಅದನ್ನು ಎತ್ತಿತು. ಆ ಹೊತ್ತಿನಲ್ಲಿ ನಾನು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಎಷ್ಟು ಸಲ ಹೋದೆನೋ, ಅದನ್ನು ಮಾತ್ರ ಬರೆದಿಟ್ಟಿಲ್ಲ. ಮೇಲಿನ ಚೌಕಟ್ಟು ಕೂತಿತು. ಕೆಳಗಿನದರಲ್ಲಿ ಮೂರು ಮೂಲೆ ಕೂತವು, ನಾಲ್ಕನೆಯದು ಅರ್ಧ ಬೆರಳು ದೂರ ನಿಂತಿತು. ತಡಸದ ಮಿಸ್ತ್ರಿ ಹಾರೆಯಿಂದ ಒತ್ತಿ ಎಳೆದು ಬೋಲ್ಟು ತುರುಕಿದರು. ಸಂದಿಗೆ ಸೈಕಲ್ ಟ್ಯೂಬು ಕತ್ತರಿಸಿ ಇಟ್ಟರು.

ಮೋಟರು ಶುರುವಾಯಿತು. ಮೊದಲ ಟ್ರ್ಯಾಕ್ಟರಿನ ಕಾಳು ಗುಂಡಿಗೆ ಬಿತ್ತು, ಬಕೆಟ್ಟುಗಳು ಅದನ್ನು ಹೊತ್ತು ಮೇಲಕ್ಕೆ ಹೋದವು. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲವೂ ತಗಡಿನ ಒಳಗೇ. ಮೇಲೆ ತಲುಪಿತೆಂದು ತಿಳಿಯುವುದು ಸದ್ದಿನಿಂದ. ಎಲ್ಲರೂ ಕತ್ತೆತ್ತಿ ಕಿವಿ ಕೊಟ್ಟು ನಿಂತಿದ್ದೆವು. ಚೂಟಿನೊಳಗೆ ಒಂದು ಹಿಡಿ ಕಾಳು ಜಾರಿದ ಸದ್ದು, ಆಮೇಲೆ ಎರಡು ಹಿಡಿ, ಆಮೇಲೆ ನಿಲ್ಲದ ಸುರಿತ. ಆ ನಾಲ್ಕನೆಯ ಮೂಲೆಯಿಂದ ಐದಾರು ಕಾಳು ಹಾರಿ ನಮ್ಮ ಮೇಲೆ ಬಿದ್ದವು. ಅಕ್ಕಾರು ಒಂದನ್ನು ಆರಿಸಿ ಹಲ್ಲಿನಿಂದ ಕಚ್ಚಿ ನೋಡಿ, "ಹಸಿ ಐತಿ, ನಡೀಲಿ," ಎಂದು ಒಳಗೆ ಹೋದರು.

ಪ್ಲ್ಯಾಂಟ್ ನಿಂತಿತು, ಕಾಳು ಹಾಯಿಸಿತು. ಆದರೆ ಸಾಹುಕಾರರು ನಾಳೆ ಕೇಳುತ್ತೇನೆ ಎಂದಿದ್ದ ಮಾತು ಇನ್ನೂ ಬಾಕಿ ಇತ್ತು. ಮರುದಿನ ರವಿವಾರ. ಸವಣೂರಿನ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗಿದೆ.

"ಒಂದ್ ಕಡೆ ಕುಂದ್ರವಾ, ಕಾಲಾಗ ಚಕ್ರ ಐತೇನು?" ಎಂದಳು ಅವ್ವ. "ಕಾಳು ಬಿತ್ತು ಅಂದಿ. ಮತ್ತೇನು?"

"ಅವರು ಇನ್ನೂ ಏನೂ ಅಂದಿಲ್ಲವಾ."

"ಅನ್ನೂದಿದ್ರ ಅಲ್ಲೇ ಅಂದ್ಬಿಡ್ತಿದ್ರು. ರೊಟ್ಟಿ ತಿನ್ನು."

ಸೋಮವಾರ ಅವರು ಕೇಳಲಿಲ್ಲ. ಹುಬ್ಬಳ್ಳಿಯಿಂದ ಫೋನು ಬಂದಿತ್ತು, ಅವರು ಹೊರಗೆ ಹೋಗಿ ಮಾತಾಡಿದರು. ನಾನು ಟೇಬಲ್ಲಿನ ಡ್ರಾಯರ್ ತೆರೆದು, ನನ್ನ ಸ್ವಂತದ್ದು ಏನೇನಿದೆ ಎಂದು ನೋಡಿಕೊಂಡೆ: ಒಂದು ಸ್ಕೇಲು, ಸಂಜೆ ತಿನ್ನಲು ತಂದಿಟ್ಟ ಒಂದು ಡಬ್ಬಿ ಸವಣೂರ ಖಾರ, ಒಂದು ಶಾಲು.

ಮಂಗಳವಾರ ಊಟ ಮುಗಿಯುತ್ತಿದ್ದಂತೆ ಇಬ್ಬರು ಮಿಸ್ತ್ರಿಗಳನ್ನೂ ಕರೆದುಕೊಂಡು ನನ್ನ ಟೇಬಲ್ ಹತ್ತಿರ ಬಂದರು.

"ತಪ್ಪು ಯಾರ್ದು ಅಂತ ಕೇಳಿದ್ರ ಮೂರೂ ಮಂದಿ ಬ್ಯಾರೆಯವರ್ದು ಅಂತೀರಿ. ಅದಕ್ಕ ಕೇಳಂಗಿಲ್ಲ," ಎಂದರು. ಕೈಯಲ್ಲಿದ್ದ ಕಾಗದವನ್ನು ನನ್ನ ಮುಂದಿಟ್ಟರು. "ಯಲವಿಗಿಯವರ್ದು ಬಂದೈತಿ. ಸ್ಟೇಷನ್ ಹತ್ರ ಗೋಡೌನು. ಇದಕ್ಕಿಂತ ದೊಡ್ಡದು, ನಡುವ ನಾಕು ಚೂಟ್ ಬರ್ತಾವ. ಡ್ರಾಯಿಂಗ್ ಇಲ್ಲೇ ಆಗ್ಲಿ. ಹಾಳಿ ಹೊರಗ ಹೋಗೂಕಿಂತ ಮೊದ್ಲ ಇವರಿಬ್ರೂ ಇಲ್ಲಿ ಕುಂತು, ನಡುವಿಂದು ಯಾರ್ದು ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿದವರ ಹಾಳ್ಯಾಗ ನೀ ಅದನ್ನ ದಪ್ಪ ಮಾಡು."

"ಹಂಗಾರ ಈ ಟೇಬಲ್ ರೀ?" ಎಂದೆ. ಕೇಳದೆ ಇರಲು ಆಗಲಿಲ್ಲ.

"ಟೇಬಲ್ ಎಲ್ಲಿಗೆ ಹೋಗ್ತೈತಿ?" ಎಂದು ಅವರು ಹೊರಟುಹೋದರು.

ಈಗ ನನ್ನ ಟೇಬಲ್ ಪಕ್ಕ ಒಂದು ಬೆಂಚು ಇದೆ. ಯಲವಿಗಿಯ ಪ್ಲ್ಯಾಂಟ್ ತೆರೆಯಲು ನಾಲ್ಕು ನಿಮಿಷ ಸಾಕು. ಆಮೇಲಿನದಕ್ಕೆ ಇಡೀ ಬೆಳಿಗ್ಗೆ ಬೇಕು.

"ಇದು ಅವರ್ದು ಅಂತ ಹಾಕ್ರಿ ಮೇಡಂ," ಎಂದರು ತಡಸದ ಮಿಸ್ತ್ರಿ ಮೊದಲ ದಿನ.

"ಹಾಕು ನೋಡೂಣು," ಎಂದರು ದೊಡ್ಡ ಮಿಸ್ತ್ರಿ.

ಮೂರು ಚೂಟುಗಳ ನ್ಯಾಯ ಹೇಗೋ ಮುಗಿಯಿತು. ನಾಲ್ಕನೆಯದನ್ನು ಇಬ್ಬರೂ ಒಬ್ಬರ ಕಡೆಗೊಬ್ಬರು ತಳ್ಳಿದರು. ನಾನು ಮೌಸಿನ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಕೊನೆಗೆ ದೊಡ್ಡ ಮಿಸ್ತ್ರಿ, "ಆತು ಹಾಕು, ನಂದ," ಎಂದರು. ಅವರ ಹಾಳೆಯಲ್ಲಿ ಆ ಗೆರೆಯನ್ನು ದಪ್ಪ ಮಾಡಿದೆ. ಅವರು ಪರದೆಯ ಹತ್ತಿರ ಬಾಗಿ ನೋಡಿ, ಎದ್ದು, ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿದರು.

"ಆ ಎಡಗಡೆ ಏಣಿ ಯಾರ್ದು ಅಂತ ಯಾರೂ ಹೇಳ್ಲಿಲ್ಲ," ಎಂದು ಮತ್ತೆ ಬಂದು ಕುಳಿತರು.